ಆಂಬ್ರೋಸ್ ಟಿಲ್ಲಿಗೆ ಸಿಕ್ಕ ದೊಡ್ಡ ಪಾರ್ಟು

ದೂತ, ದೀವಟಿಗೆ ಹಿಡಿಯುವವ, ಮೊದಲ ಅಂಕದಲ್ಲೇ ಸಾಯುವ ಮುದುಕ. ಎರಡು ವರ್ಷದಿಂದ ಇಷ್ಟನ್ನೇ ಮಾಡಿಕೊಂಡು ಬಂದಿದ್ದ ಆಂಬ್ರೋಸ್ ಟಿಲ್ಲಿಗೆ ಆ ಚಳಿಗಾಲದಲ್ಲಿ ದೊಡ್ಡ ಪಾರ್ಟು ಸಿಕ್ಕಿತು. ಮಂಡಳಿಯ ಯಜಮಾನ ಮಾರ್ಟಿನ್ ಕ್ರೇನ್ ತಾನೇ ಕರೆದು ಕಾಗದದ ಸುರುಳಿಯನ್ನು ಕೈಗಿಟ್ಟ.

"ತಗೋ, ಮೊಳಗಟ್ಟಲೆ ಮಾತಿದೆ. ಈ ಸಲನೂ ಜನ ಆಕಳಿಸಿದ್ರೆ ಪ್ರಭುಗಳ ಅಂಗಿ ಬಿಚ್ಚಿಟ್ಟು ಹೊರಟ್ಹೋಗು."

ಆ ಅಂಗಿಯಲ್ಲೇ ಆಂಬ್ರೋಸನ ಜೀವವಿತ್ತು. ಯಾರಾದರೊಬ್ಬ ಪ್ರಭುವಿನ ಲಾಂಛನ ಮೈಮೇಲಿಲ್ಲದ ನಟ ಕಾನೂನಿನ ಕಣ್ಣಿಗೆ ಬರೀ ಅಲೆಮಾರಿ. ಸಿಕ್ಕರೆ ಬೆನ್ನಿನಲ್ಲಿ ನೆತ್ತರು ಒಸರುವ ತನಕ ಚಾಟಿಯಲ್ಲಿ ಬಾರಿಸುತ್ತಿದ್ದರು. ನಲವತ್ತೆಂಟು ದಾಟಿದವನನ್ನು ಲಂಡನ್ನಿನ ಇನ್ನಾವ ಮಂಡಳಿ ಸೇರಿಸಿಕೊಂಡೀತು? ಆಂಬ್ರೋಸ್ ಸುರುಳಿಯನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ.

ನಟನಿಗೆ ಪೂರ್ತಿ ನಾಟಕ ಕೊಡುವ ಪದ್ಧತಿ ಅಲ್ಲಿರಲಿಲ್ಲ. ಅವನ ಮಾತು, ಅದಕ್ಕೆ ಮುಂಚೆ ಎದುರಿನವನು ಆಡುವುದರ ಕೊನೆಯ ಎರಡು ಮೂರು ಪದ, ಅಷ್ಟೇ. ಆ ಪದ ಕಿವಿಗೆ ಬಿದ್ದ ಕೂಡಲೇ ಬಾಯಿ ತೆರೆಯಬೇಕು. ಯಾರು ಆಡಿದರು, ಯಾಕೆ ಆಡಿದರು ಎನ್ನುವುದು ರಂಗದ ಮೇಲೆಯೇ ತಿಳಿಯಬೇಕು. ಇಡೀ ನಾಟಕವನ್ನು ಓದಿ ಹೇಳುತ್ತಿದ್ದದ್ದು ಪಾಲುದಾರ ನಟರಿಗೆ ಮಾತ್ರ, ಅದೂ ಹೆಂಡದಂಗಡಿಯಲ್ಲಿ. ಕೂಲಿ ನಟರಿಗೆ ತಮ್ಮ ಸುರುಳಿ ಸಾಕು.

ಪಾರ್ಟು ಒಬ್ಬ ಮೇಣದಬತ್ತಿ ಮಾಡುವವನದು. ಹೆಂಡತಿ ಕಾಯಿಲೆಯ ತಂಗಿಯ ಆರೈಕೆಗೆ ಹೋಗಿದ್ದಾಳೆ. ಇವನು ಬಟಾಣಿ ಗಂಜಿ ಬಿಸಿಯಾಗಿಟ್ಟು ಕಾಯುತ್ತಾನೆ. ಮಾತುಗಳು ನಾಲಿಗೆಗೆ ತಾವಾಗಿಯೇ ಬಂದು ಕೂತವು. ಕೂರದೆ ಏನು? ಆಂಬ್ರೋಸನ ಹೆಂಡತಿ ಸಿಸ್ಲಿಯೂ ವಾರಕ್ಕೆರಡು ರಾತ್ರಿ ಡೆಟ್‌ಫರ್ಡ್‌ನ ತಂಗಿಯ ಮನೆಗೆ ಹೋಗುತ್ತಿದ್ದಳು. ಇವನೂ ಗಂಜಿ ಕಾಯಿಸಿಡುತ್ತಿದ್ದ. ಮಂಡಳಿಗೆ ನಾಟಕ ಬರೆಯುವ ನಿಕ್ ಡಾಬ್ ಬಿಯರು ಕುಡಿಸಿ ಕುಡಿಸಿ ಮನೆಯ ಸಂಗತಿ ಕೇಳಿದಾಗ ಇದನ್ನೆಲ್ಲ ಹೆಮ್ಮೆಯಿಂದ ಹೇಳಿದ್ದ. ನನ್ನಂಥವನ ಸಂಸಾರವನ್ನೂ ಒಬ್ಬ ಕವಿ ಬರೆದನಲ್ಲ ಎಂದು ಪಾಪದವನು ಹಿಗ್ಗಿದ. ಆಟದ ದಿನ ಬೆಳಗಿನ ಒಂದೇ ಒಂದು ತಾಲೀಮಿನಲ್ಲಿ ಅವನ ದೃಶ್ಯವನ್ನು ಹಾರಿಸಿಬಿಟ್ಟರು. "ನಿನಗ್ಯಾಕಯ್ಯ ತಾಲೀಮು? ಪಳಗಿದ ಕೈ ನೀನು" ಎಂದ ಕ್ರೇನ್.

ಮಧ್ಯಾಹ್ನ, ಆಟ ಶುರು ಎಂದು ಸಾರುವ ಮೂರನೆಯ ಕಹಳೆ ಮೊಳಗಿತು. ಅಂಗಳದಲ್ಲಿ ನಿಂತವರಲ್ಲಿ ಅರ್ಧ ಶೋರ್‌ಡಿಚ್ ಕೇರಿಯೇ ಇತ್ತು: ಕಟುಕರು, ನೇಕಾರರು, ಇವನ ಓಣಿಯವರೇ ಒಂದಿಪ್ಪತ್ತು ಜನ. ಆಂಬ್ರೋಸ್ ಗಂಜಿಯ ಮಡಕೆ ಹಿಡಿದು ಬಂದದ್ದೇ ತಡ, ಬಾಯಿ ತೆರೆಯುವ ಮೊದಲೇ ನಗು ಎದ್ದಿತು. ಎರಡು ವರ್ಷ ಹಸಿದವನಿಗೆ ಆ ನಗು ಮೃಷ್ಟಾನ್ನ. ಇನ್ನಷ್ಟು ಎದೆ ಉಬ್ಬಿಸಿ ಮಾತಾಡಿದ.

ಆಮೇಲೆ ಹೆಂಡತಿಯ ಪಾರ್ಟಿನ ಹುಡುಗ ಬಂದ. ಎಡ ಹೆಗಲನ್ನು ಒಂದಿಷ್ಟು ಎತ್ತಿ ನಡೆದ. ನಗುವಾಗ ಮುರಿದ ಹಲ್ಲು ಕಾಣದಂತೆ ಬಾಯಿಗೆ ಕೈ ಅಡ್ಡ ಹಿಡಿದ. ಹಾಗೆ ನಡೆಯುವ, ಹಾಗೆ ನಗುವ ಹೆಂಗಸು ಆಂಬ್ರೋಸನಿಗೆ ಗೊತ್ತಿದ್ದದ್ದು ಒಬ್ಬಳೇ. ಹುಡುಗನ ಹಿಂದೆಯೇ ಬಂದವನು ಪಾಲುದಾರರಲ್ಲಿ ಚಿಕ್ಕವನು, ಚೆಲುವ, ರೇಫ್ ಹಾಕೆಟ್. ಅವನು ವೇಷ ಕೂಡ ಹಾಕದೆ ದಿನದ ಬಟ್ಟೆಯಲ್ಲೇ ಹುಡುಗನ ಸೊಂಟ ಬಳಸಿದ.

"ತಂಗಿ ಹೇಗಿದ್ದಾಳೆ, ಬಂಗಾರಿ?"

"ನಿನ್ನ ಹಾಸಿಗೆ ಬೆಚ್ಚಗಿರೋ ತನಕ ಅವಳಿಗೆ ಜ್ವರ ಬಿಡಲ್ಲ."

'ಜ್ವರ ಬಿಡಲ್ಲ.' ಸುರುಳಿಯಲ್ಲಿದ್ದ ಪದ ಅದೇ. ರೂಢಿ ಬಿದ್ದ ಬಾಯಿ ತಾನಾಗಿ ತೆರೆಯಿತು: "ದೇವರೇ, ಆ ತಂಗಿಗೆ ಬೇಗ ವಾಸಿ ಮಾಡಪ್ಪ!"

ಆಟದಮನೆ ಬಿದ್ದೇಹೋಗುವಂತೆ ಜನ ನಕ್ಕರು. "ಲೇ ಟಿಲ್ಲಿ! ಗಂಜಿ ತಳ ಹತ್ತೀತು ನೋಡ್ಕೊಳ್ಳೋ!" ಎಂದು ಅಂಗಳದಿಂದ ಯಾವನೋ ಕೂಗಿದ. ಪಾತ್ರದ ಹೆಸರು ಟಿಲ್ಲಿ ಆಗಿರಲಿಲ್ಲ. ರೇಫ್ ಇವನತ್ತ ತಿರುಗಿ ಕಣ್ಣು ಹೊಡೆದ. ಆಗ ಆಂಬ್ರೋಸನಿಗೆ ಎಲ್ಲ ತಿಳಿಯಿತು. ಇಡೀ ಊರಿಗೆ ಗೊತ್ತಿದ್ದದ್ದು ತನಗೊಬ್ಬನಿಗೇ ಗೊತ್ತಿರಲಿಲ್ಲ ಎನ್ನುವುದೂ ತಿಳಿಯಿತು.

ಹುಡುಗ ಬಾಗಿಲು ತಟ್ಟುವಂತೆ ಮಾಡಿ ಎದುರು ನಿಂತ. ಈಗ ಆಂಬ್ರೋಸ್ ಹೇಳಬೇಕು: 'ಬಂದೆಯಾ? ಬಾ, ಗಂಜಿ ಬಿಸಿ ಇದೆ.' ಬಣ್ಣ ಬಳಿದ ಆ ಮುಖವನ್ನೇ ನೋಡುತ್ತ ನಿಂತುಬಿಟ್ಟ. ನಗು ಅಡಗಿತು. ಬೀಜ ಒಡೆಯುತ್ತಿದ್ದವರು ಹಲ್ಲು ನಿಲ್ಲಿಸಿದರು. ಯಾರೋ ಒಬ್ಬ ಹೆಂಗಸು ಅತ್ತಳು. ಪರದೆಯ ಹಿಂದಿನಿಂದ ಮಾತು ಎತ್ತಿಕೊಟ್ಟ ಮೇಲೆ ಮುರಿದ ದನಿಯಲ್ಲಿ ಹೇಳಿದ. ಚಪ್ಪಾಳೆ ನಿಲ್ಲಲೇ ಇಲ್ಲ.

ಬಣ್ಣದ ಮನೆಗೆ ಬಂದವನೇ ರೇಫನ ಕೊರಳಪಟ್ಟಿ ಹಿಡಿದ. ರೇಫ್ ಮೆಲ್ಲಗೆ ಆ ಬೆರಳುಗಳನ್ನು ಬಿಡಿಸಿದ.

"ಯಾಕಣ್ಣ ಸಿಟ್ಟು? ಊರಿಗೆಲ್ಲ ಗೊತ್ತಿರೋದನ್ನ ನಿನಗೂ ತಿಳಿಸಿದ್ವಿ. ಉಪಕಾರಕ್ಕೆ ಕಾಲವಲ್ಲ ಬಿಡು."

ಕ್ರೇನ್ ಬಂದು ಆಂಬ್ರೋಸನನ್ನು ಬಾಚಿ ತಬ್ಬಿಕೊಂಡ. "ಆ ಮೌನ ಇತ್ತಲ್ಲಪ್ಪ, ಅದು! ನಾನೂ ಅತ್ತುಬಿಟ್ಟೆ ಕಣೋ. ಗುರುವಾರ ಮತ್ತೆ ಆಡ್ತೀವಿ. ಹಂಗೇ ಮಾಡ್ಬೇಕು. ಆಗಲ್ಲ ಅಂದ್ರೆ ಅಂಗಿ ಅಲ್ಲಿ ಗೂಟಕ್ಕೆ ಹಾಕ್ಬಿಟ್ಟು ಹೋಗು."

ಆಂಬ್ರೋಸ್ ಅಂಗಿಯ ಗುಂಡಿಗಳನ್ನು ಕುತ್ತಿಗೆಯ ತನಕ ಹಾಕಿಕೊಂಡು ಮನೆಗೆ ಹೋದ. ಸಿಸ್ಲಿ ಒಲೆಯ ಮುಂದಿದ್ದಳು. ಅವಳಿಗೂ ಯಾರೂ ಏನೂ ಹೇಳಿರಲಿಲ್ಲ; ಇಂಥ ಮೋಜನ್ನು ಯಾರು ತಾನೇ ಕೆಡಿಸಿಕೊಳ್ಳುತ್ತಾರೆ? ರೇಫ್ ಕೂಡ ತುಟಿ ಬಿಚ್ಚಿರಲಿಲ್ಲ.

"ಹೆಂಗಾಯ್ತು ರೀ ನಿಮ್ಮ ದೊಡ್ಡ ಪಾರ್ಟು?"

"ಜನ ನಕ್ಕರು."

"ಸದ್ಯ, ಬಚಾವಾದ್ರಿ" ಎಂದು ಅವಳು ಬಡಿಸಿದಳು. ಹೊಡೆಯಬೇಕೆನಿಸಿತು, ಕಾಲು ಹಿಡಿದು ಅಳಬೇಕೆನಿಸಿತು. ಎರಡನ್ನೂ ಮಾಡದೆ ಉಂಡ.

ಗುರುವಾರ ಆಟದಮನೆ ತುಂಬಿ ತುಳುಕಿತು. ಆಂಬ್ರೋಸ್ ಎಲ್ಲವನ್ನೂ ಹಾಗೆಯೇ ಮಾಡಿದ. ಅದೇ ಜಾಗದಲ್ಲಿ ನಿಂತ, ಅಷ್ಟೇ ಹೊತ್ತು ಸುಮ್ಮನಿದ್ದ. ಆದರೆ ಗೊತ್ತಿರುವವನ ಮೌನ ಅದು. ಒಬ್ಬ ಕೆಮ್ಮಿದ, ಇನ್ನೊಬ್ಬ ಆಕಳಿಸಿದ, ಮೂರನೆಯವನು ತಿಂದುಳಿದ ಸೇಬು ಎಸೆದ. ಅದು ಬಂದು ಎದೆಯ ಲಾಂಛನಕ್ಕೇ ಬಡಿಯಿತು.

ಬಣ್ಣದ ಮನೆಯಲ್ಲಿ ಕ್ರೇನ್ ಈ ಸಲ ತಬ್ಬಿಕೊಳ್ಳಲಿಲ್ಲ.

"ಏನಯ್ಯ ಅದು? ಮೊನ್ನೆ ಜೀವ ಹೋದಂಗಿತ್ತು. ಇವತ್ತು ಹೊಟ್ಟೆನೋವು ಬಂದಂಗಿತ್ತು. ಬಿಚ್ಚು ಅಂಗಿ."

ಆಂಬ್ರೋಸ್ ಮೇಲಿನ ಗುಂಡಿಗೆ ಕೈ ಹಾಕಿದ. ಬೆನ್ನು ಜುಮ್ಮೆಂದಿತು. ಚಾಟಿ ತಿಂದು ಬಂದ ಮುದಿ ನಟನೊಬ್ಬನನ್ನು ಅವನು ಹಿಂದೊಮ್ಮೆ ನೋಡಿದ್ದ. ಗುಂಡಿ ಬಿಚ್ಚದೆ ಯಜಮಾನನ ಮುಖ ನೋಡಿದ. ಆ ಹೊತ್ತಿನಲ್ಲಿ ಅವನೊಳಗೆ ಗಂಡ ಎನ್ನುವವನು ಉಳಿದಿರಲಿಲ್ಲ, ನಟನೊಬ್ಬನೇ ಇದ್ದ.

"ಇನ್ನೊಂದ್ಸಲ ಕೊಡಿ ಯಜಮಾನ್ರೇ. ಬರತ್ತೆ."

"ಎಲ್ಲಿಂದ ಬರತ್ತೆ?"

"ಸಿಸ್ಲಿನ ಕರೆಸಿ. ಮೇಲಿನ ಸಾಲಲ್ಲಿ, ನನಗೂ ಜನಕ್ಕೂ ಕಾಣೋ ಹಂಗೆ, ಮೆತ್ತೆ ಹಾಕಿ ಕೂರಿಸಿ" ಎಂದ ಆಂಬ್ರೋಸ್. "ಏನು ನಾಟಕ ಅಂತ ಮಾತ್ರ ಅವಳಿಗೆ ಹೇಳ್ಬೇಡಿ."