ದಾಬೋಳಿ ವಿಮಾನ ಮತ್ತು ಯಮನೂರನ ಡಬ್ಬಿ

ಮಧ್ಯಾಹ್ನ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ, ಗೋವಾದ ದಾಬೋಳಿ ನಿಲ್ದಾಣದಲ್ಲಿ ಇಳಿಯಲು ಬರುತ್ತಿದ್ದ ವಿಮಾನಕ್ಕೆ ಉಪಗ್ರಹದ ಸಂಕೇತ ಸಿಗದಾಯಿತು. ಪೈಲಟ್ ಸಮುದ್ರದ ಮೇಲೆ ಇನ್ನೊಂದು ಸುತ್ತು ಹೋಗಿ ಬಂದು, ನೆಲದ ರೇಡಿಯೊ ಉಪಕರಣಗಳನ್ನು ನಂಬಿ, ಹಳೆಯ ಪದ್ಧತಿಯಲ್ಲಿ ವಿಮಾನ ಇಳಿಸಿದ. ಯಾರಿಗೂ ಏನೂ ಆಗಲಿಲ್ಲ. ಪ್ರಯಾಣಿಕರಿಗೆ ಸಮುದ್ರ ಎರಡು ಸಲ ಕಂಡಿತು, ಅಷ್ಟೇ.

ಅದೇ ಹೊತ್ತಿಗೆ, ನಿಲ್ದಾಣದ ಬೇಲಿಯಾಚೆ ರಸ್ತೆಬದಿಯಲ್ಲಿ ಕೂತು ಯಮನೂರ ಎರಡನೇ ರೊಟ್ಟಿ ಮುರಿಯುತ್ತಿದ್ದ.

ಯಮನೂರ ಬಾದಾಮಿ ಕಡೆಯವನು, ಲಾರಿ ಚಾಲಕ. ಮುರ್ಮುಗಾಂವ್ ಬಂದರಿನಲ್ಲಿ ಕಲ್ಲಿದ್ದಲು ತುಂಬಿಕೊಂಡು ಉಸಗಾಂವದ ಕಡೆಯ ಕಾರ್ಖಾನೆಗೆ ಒಯ್ಯುವುದು ಅವನ ಕೆಲಸ. ಬಂದರಿನ ಗೇಟಿನ ಸಾಲಿನಲ್ಲಿ ತಾಸುಗಟ್ಟಲೆ ಹಸಿದು ನಿಂತು, ಲಾರಿ ತುಂಬಿಸಿ, ದಾಬೋಳಿಗೆ ಬಂದರೆ ಅಲ್ಲಿ ಹೆಂಡತಿ ಲಕ್ಷ್ಮವ್ವನ ರೊಟ್ಟಿ ಗಾಡಿ. ಹಂಚಿನಿಂದ ನೇರ ತಾಟಿಗೆ ಬೀಳುವ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಖಡಕ್ ರೊಟ್ಟಿ ಇರುವುದು ಊರಿಗೆ ಹೋಗುವಾಗ ಬಸ್ಸಿನಲ್ಲಿ ಕಡಿಯಲಿಕ್ಕೆ. ದಿನದ ಊಟಕ್ಕೆ ಬಿಸಿಯೇ ಆಗಬೇಕು ಎಂಬುದರಲ್ಲಿ ಅವನಿಗೆ ಎರಡು ಮಾತಿರಲಿಲ್ಲ.

ಇದಕ್ಕೆ ಅಡ್ಡ ಬಂದವನು ಪಾತ್ರಾಂವ. ಗೋವಾದ ರೂಢಿಯಂತೆ ಲಾರಿ ಮಾಲೀಕನನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು. ಮಳೆಗಾಲಕ್ಕೆ ಮುಂಚೆ ಅವನು ಲಾರಿಗೆ ಟ್ರ್ಯಾಕರ್ ಹಾಕಿಸಿದ. ಲಾರಿ ಎಲ್ಲಿದೆ ಎಂಬುದು ಇನ್ನು ಅವನ ಫೋನಿನಲ್ಲೇ ಕಾಣುತ್ತದೆ. ಬಂದರು ಬಿಟ್ಟ ಮೇಲೆ ದಾರಿಯಲ್ಲಿ ನಿಂತರೆ ಕೆಲಸ ಹೋಯಿತೆಂದೇ ಲೆಕ್ಕ. ಮಳೆಗಾಲವಿಡೀ ಯಮನೂರ ಕಾರ್ಖಾನೆಯ ನೆರಳಿನಲ್ಲಿ ಕೂತು ತಣ್ಣಗಿನ ರೊಟ್ಟಿ ಅಗಿದ. ಪ್ಯಾಂಟು ಸಡಿಲವಾಯಿತು. ದಸರೆಯ ಹೊತ್ತಿಗೆ ತಾಳ್ಮೆ ಮುಗಿದು, ವಾಸ್ಕೊ ಮಾರ್ಕೆಟ್ಟಿನಲ್ಲಿ ಮೊಬೈಲ್ ರಿಪೇರಿ ಮಾಡುವ ಗೆಳೆಯ ಪರ್ವೇಜನನ್ನು ಹಿಡಿದು ಕೂತ: ಟ್ರ್ಯಾಕರಿನ ಸಂಕೇತ ಕೊಲ್ಲುವ ಯಂತ್ರವೊಂದು ಬೇಕು. ಪರ್ವೇಜ ಆಗುವುದಿಲ್ಲ ಎಂದ, ಬೈದ, ಕಡೆಗೆ ಒಂದು ಕರಿ ಡಬ್ಬಿ ಕೊಟ್ಟ. ಸಿಗರೇಟು ಹೊತ್ತಿಸಲು ಲಾರಿಯಲ್ಲಿರುವ ತೂತಿಗೆ ಸಿಕ್ಕಿಸಿದರೆ ಅದರಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಅಂದಿನಿಂದ ಲಾರಿ ಮತ್ತೆ ದಾಬೋಳಿಯಲ್ಲಿ ನಿಂತಿತು, ಪಾತ್ರಾಂವ ಚಕಾರ ಎತ್ತಲಿಲ್ಲ. ಡಬ್ಬಿಯ ಬಗ್ಗೆ ಇದಕ್ಕಿಂತ ದೊಡ್ಡ ಪುರಾವೆ ಇನ್ನೇನು ಬೇಕು?

ಅವತ್ತು ಊಟಕ್ಕೆ ಬಂದ ಸೋಮನಾಥ, ನಿಲ್ದಾಣದಲ್ಲಿ ಪೆಟ್ಟಿಗೆ ಇಳಿಸುವವನು, ಕೂರುವ ಮೊದಲೇ ಶುರು ಮಾಡಿದ.

"ಇವತ್ತೂ ಆತು ನೋಡ್ರಿ. ಇಮಾನಕ್ಕ ಸಿಗ್ನಲ್ ಹೋತು."

"ಯಾವ ಸಿಗ್ನಲ್ಲಪಾ?" ಯಮನೂರ ಕೇಳಿದ.

"ಮುಗಿಲಿನ್ಯಾಗಿಂದ ಬರ್ತೈತಲ್ಲ, ಜಿಪಿಎಸ್. ದಸರಾ ಆದಾಗಿಂದ ಹಿಂಗ ಆಗಾಕತ್ತೈತಿ, ಇದ ಹೊತ್ತಿಗೆ. ದಿಲ್ಲಿಯಿಂದ ಸಾಹೇಬ್ರು ಬಂದಾರ, ಆಂಟೆನಾ ಹಿಡ್ಕೊಂಡು ಬೇಲಿ ಸುತ್ತಾಕತ್ತಾರ. ಸೂರ್ಯಂದು ತಕರಾರು ಅಂತ ಒಬ್ಬವ ಅಂದ್ರ, ಯಾವನೋ ಕಳ್ಳ ಹತ್ತರದಾಗ ಡಬ್ಬಿ ಹಚ್ಚ್ಯಾನ ಅಂತ ಇನ್ನೊಬ್ಬವ."

ಯಮನೂರ ಮುರಿದ ತುತ್ತನ್ನು ತಾಟಿಗೇ ಇಟ್ಟ. "ದಿನಾನೂ ಆಗತೈತೇನು?"

"ದಿನಾ ಅಂದ್ರ ದಿನಾ. ಹೋದ ಮಂಗಳಾರ ಒಂದ ಆಗಿಲ್ಲ."

ಹೋದ ಮಂಗಳವಾರ ಲಾರಿ ಕ್ಲಚ್ ಸುಟ್ಟುಕೊಂಡು ಗ್ಯಾರೇಜಿನಲ್ಲಿತ್ತು.

ಸೋಮನಾಥ ಉಂಡು ಎದ್ದು ಹೋದ. ಯಮನೂರನ ತಾಟಿನಲ್ಲಿ ಅರ್ಧ ರೊಟ್ಟಿ ಹಾಗೇ ಉಳಿದಿತ್ತು. ಮದುವೆಯಾದ ಮೇಲೆ ಅವನು ರೊಟ್ಟಿ ಉಳಿಸಿದ್ದನ್ನು ಲಕ್ಷ್ಮವ್ವ ಕಂಡಿರಲಿಲ್ಲ.

"ಯಾಕ್ರಿ, ಜ್ವರ ಬಂದಾವೇನು?"

"ಲಕ್ಷ್ಮವ್ವ, ಆ ಇಮಾನ ನಾನ ಕೆಡಸಾಕತ್ತೇನಿ."

ಅವನು ಎಲ್ಲ ಹೇಳಿದ. ಅವಳು ಕೇಳಿದಳು. ಮಾತಿನಲ್ಲಿ 'ರೀ' ಬಿಟ್ಟಳೆಂದರೆ ವಿಷಯ ಗಂಭೀರವೆಂದು ಯಮನೂರನಿಗೆ ಗೊತ್ತಿತ್ತು. ಅವಳು ಬಿಟ್ಟಳು.

"ಮ್ಯಾಲೆ ಅಷ್ಟು ಮಂದಿ ಜೀವಾ ಹಿಡ್ಕೊಂಡು ಕುಂತಾರ, ಕೆಳಗ ನಿನಗ ಬಿಸಿ ರೊಟ್ಟಿ! ನಿಂದೇನು ಹೊಟ್ಟಿಯೋ, ಜ್ವಾಳಾ ತುಂಬೋ ಹಗೇವೋ?"

"ನೌಕರಿ ಹೋಗತೈತಿ ಅಂತ..."

"ಇಮಾನ ಬಿದ್ರ ನೌಕರಿ ಉಳೀತೈತೇನು? ತಗಿ ಅದನ್ನ."

ಅವನು ಮುಟ್ಟಲು ಹೆದರಿದ. ಲಕ್ಷ್ಮವ್ವನೇ ಲಾರಿ ಹತ್ತಿ, ರೊಟ್ಟಿ ತಿರುವುವ ಚಿಮಟಾದಲ್ಲಿ ಡಬ್ಬಿ ಕಿತ್ತು, ಒದ್ದೆ ಅರಿವೆಯಲ್ಲಿ ಸುತ್ತಿದಳು. ಒಲೆ ಆರಿಸಿ, ಗಾಡಿಗೆ ತಾಡಪತ್ರಿ ಹೊದಿಸಿ, ತುಂಬಿದ ಲಾರಿಯನ್ನು ಅಲ್ಲೇ ಬಿಡಿಸಿ, ಗಂಡನನ್ನು ಮುಂದೆ ಮಾಡಿಕೊಂಡು ವಾಸ್ಕೊ ಬಸ್ಸು ಹತ್ತಿದಳು. ಬಸ್ಸಿನ ಮೇಲೆ ವಿಮಾನವೊಂದು ಗುಡುಗುತ್ತ ಹಾಯ್ದಾಗ ಇಬ್ಬರೂ ತಲೆ ತಗ್ಗಿಸಿದರು.

ಪರ್ವೇಜ ಅರಿವೆ ಬಿಚ್ಚಿ ನೋಡಿ ನಕ್ಕ ನಗುವಿಗೆ ಪಕ್ಕದ ಅಂಗಡಿಯವರು ಹೊರಬಂದರು. ಸ್ಕ್ರೂ ತಿರುಗಿಸಿ ಡಬ್ಬಿ ಬಿಚ್ಚಿದ. ಒಳಗಿದ್ದದ್ದು ಒಂದು ಕೆಂಪು ಬಲ್ಬು, ಎರಡು ದಪ್ಪ ನಟ್ಟು.

"ನಟ್ಟು ಯಾಕ?" ಲಕ್ಷ್ಮವ್ವ ಕೇಳಿದಳು.

"ಹಗುರ ಇದ್ರ ನಿನ್ನ ಗಂಡ ನಂಬ್ತಿರಲಿಲ್ಲಕ್ಕಾ. ಖರೇ ಡಬ್ಬಿ ಕೊಟ್ಟಿದ್ರ ಇವ ಜೈಲಿಗೆ, ಇವನ ಹಿಂದ ನಾನು. ಕೊಡಲಿಲ್ಲ ಅಂದ್ರ ಅಂಗಡಿ ಬಿಟ್ಟು ಏಳವಲ್ಲ!"

ಯಮನೂರ ನಿಡುಸುಯ್ದು ಸ್ಟೂಲಿನ ಮೇಲೆ ಕೂತ. ವಿಮಾನ ಕೆಡಿಸಿದ್ದು ತಾನಲ್ಲ. ಪರ್ವೇಜ ಚಹಾ ತರಿಸಿದ. ಅರ್ಧ ಕಪ್ಪು ಕುಡಿಯುವವರೆಗೆ ಯಮನೂರ ಸುಖವಾಗಿದ್ದ.

ಆಮೇಲೆ ಎದ್ದು ನಿಂತ. "ಹಂಗಾದ್ರ ಪಾತ್ರಾಂವಗ ನಾ ದಿನಾ ಕಾಣಾಕತ್ತಿದ್ನಲ್ಲ!"

ದಸರೆಯಿಂದ ದಿನಾ ಫೋನಿನಲ್ಲಿ ನೋಡುತ್ತಿದ್ದೂ ಮಾಲೀಕ ಸುಮ್ಮನಿದ್ದಾನೆ ಎಂದರೆ, ಹೊಸ ಚಾಲಕನನ್ನು ಹುಡುಕುತ್ತಿದ್ದಾನೆ ಎಂದೇ ಅರ್ಥ. "ಅವ ಸುಮ್ಮನಿದ್ರ ನೀವೂ ಸುಮ್ಮನಿರ್ರಿ" ಎಂದಳು ಲಕ್ಷ್ಮವ್ವ. ಯಮನೂರನಿಗೆ ತಡೆಯಲಾಗಲಿಲ್ಲ. ಕಲ್ಲಿದ್ದಲು ಇಳಿಸಿ ಬಂದವನೇ ಸಂಜೆ ಪಾತ್ರಾಂವನ ಮನೆಯ ಜಗಲಿಯಲ್ಲಿ ನಿಂತು, ರೊಟ್ಟಿಯಿಂದ ಡಬ್ಬಿಯವರೆಗೆ ಎಲ್ಲವನ್ನೂ ಒಪ್ಪಿಕೊಂಡ.

ಪಾತ್ರಾಂವ ಮೀನಿನ ಮುಳ್ಳು ಬಿಡಿಸುತ್ತಲೇ ಕೇಳಿಸಿಕೊಂಡ.

"ಅರೇ ಬಾಬಾ, ಆ ಟ್ರ್ಯಾಕರ್ ಗಣೇಶ ಚವತಿಯಿಂದ ಬಂದ್ ಅದೆ. ಸಿಮ್ಮಿಗೆ ರೀಚಾರ್ಜೇ ಮಾಡಲಿಲ್ಲ ನಾನು. ಲಾಲ್ ಲೈಟ್ ಉರೀತದೆ, ಡ್ರೈವರ್ ಹೆದರ್ತಾನೆ. ಪುರೋ, ಅಷ್ಟು ಸಾಕು."

ಅಂದರೆ ಲಾರಿಯಲ್ಲಿ ಇಷ್ಟು ದಿನ ಎರಡು ಕೆಂಪು ದೀಪಗಳು ಎದುರುಬದುರು ಉರಿಯುತ್ತಿದ್ದವು. ಏನೂ ಕಳಿಸದ ಒಂದನ್ನು, ಏನೂ ತಡೆಯದ ಇನ್ನೊಂದು ತಡೆಯುತ್ತಿತ್ತು.

ಪಾತ್ರಾಂವ ಕೈ ತೊಳೆದು ಬಂದು, ನೀನು ಹೇಳಿದ್ದು ಬಹಳ ಒಳ್ಳೆಯದಾಯಿತು ಎಂದು ಬೆನ್ನು ತಟ್ಟಿ, ಯಮನೂರನ ಎದುರಿಗೇ ಫೋನ್ ತೆಗೆದು ಸಿಮ್ಮಿಗೆ ರೀಚಾರ್ಜ್ ಮಾಡಿದ.

"ಆದದ್ದು ಮಾಫ್. ನಾಳೆಯಿಂದ ದಾರಿಯಲ್ಲಿ ನಿಂತದ್ದು ಕಂಡರೆ ಕೀಲಿ ಇಲ್ಲಿ ಇಟ್ಟು ಹೋಗು."

ಮನೆಗೆ ಬಂದ ಗಂಡನ ಮುಖ ನೋಡಿ ಲಕ್ಷ್ಮವ್ವ ಬೈಯಲಿಲ್ಲ. ರೊಟ್ಟಿಯ ತಾಟು ಮುಂದಿಟ್ಟು ಕೇಳಿದಳು:

"ಬಂದರದ ಗೇಟಿನಾಗ ಸಾಲು ಹಚ್ಚಿ ನಿಂದರ್ತೀರಲ್ಲ, ಅದಕ್ಕೂ ಪಾತ್ರಾಂವ ಬೈತಾನೇನು?"

"ಅದಕ್ಯಾಕ ಬೈತಾನ? ಎಲ್ಲಾ ಲಾರಿನೂ ನಿಂದರಬೇಕು."

"ಮತ್ತ ನಾ ಯಾಕ ದಾಬೋಳ್ಯಾಗ ಗಾಡಿ ಹಚ್ಚೇನಿ?"

"ನನಗೇನು ಗೊತ್ತು? ನೀ ಅಲ್ಲಿ ಹಚ್ಚೀದಿ ಅಂತ ನಾ ಅಲ್ಲಿ ನಿಂದರ್ತಿದ್ದೆ."

"ಅಯ್ಯ ನನ್ನ ಶಿವನ! ನೀವು ಅಲ್ಲಿ ನಿಂದರ್ತೀರಿ ಅಂತ ನಾ ಅಲ್ಲಿ ಹಚ್ಚಿದ್ದೆ!"

ಮರುದಿನ ಮಧ್ಯಾಹ್ನ ಒಂದು ಗಂಟೆ ಇಪ್ಪತ್ತೈದು ನಿಮಿಷಕ್ಕೆ ದಾಬೋಳಿಗೆ ಬರುತ್ತಿದ್ದ ಇನ್ನೊಂದು ವಿಮಾನಕ್ಕೆ ಸಂಕೇತ ಸಿಗದಾಯಿತು. ಆಂಟೆನಾ ಹಿಡಿದ ಸಾಹೇಬರಿಗೆ ಕಾರಣ ಸಿಗಲಿಲ್ಲ. ವಿಮಾನ ಹಳೆಯ ಪದ್ಧತಿಯಲ್ಲೇ ಇಳಿಯಿತು. ಆ ಹೊತ್ತಿಗೆ ಯಮನೂರನ ಲಾರಿ ಬಂದರಿನ ಗೇಟಿನ ಸಾಲಿನಲ್ಲಿ ನಿಂತಿರುವುದು ಪಾತ್ರಾಂವನ ಫೋನಿನಲ್ಲಿ ಸರಿಯಾಗಿ ಕಾಣುತ್ತಿತ್ತು. ಲಕ್ಷ್ಮವ್ವನ ಗಾಡಿ ಅದೇ ಗೇಟಿನ ಎಡಕ್ಕಿತ್ತು, ಮತ್ತು ಹಿಟ್ಟು ಎರಡು ಗಂಟೆಯೊಳಗೆ ಖಾಲಿಯಾಯಿತು.