ವೈದ್ಯರು ಮಾತ್ರ

1961ರಲ್ಲಿ ಯಲಹಂಕದಲ್ಲಿ ವೈದ್ಯರ ಸಂಘ ಕಟ್ಟಿದವನು ವೈದ್ಯನಲ್ಲ, ಔಷಧಿ ಅಂಗಡಿಯ ಪಿಳ್ಳಪ್ಪ. ಹಿಂದಿನ ವರ್ಷ ಅವನ ಮಗಳು ಪೆನಿಸಿಲಿನ್ ಇಂಜೆಕ್ಷನ್ ಒಗ್ಗದೆ ಸತ್ತಿದ್ದಳು. ಸೂಜಿ ಹಾಕಿದ್ದು ಡಾಕ್ಟರ್ ಮುನಿಆಂಜಿನಪ್ಪ ಎಂಬುದು ಊರಿಗೆಲ್ಲ ಗೊತ್ತಿತ್ತು. ಅವರೊಬ್ಬರು ಮಾತ್ರ ಮಗು ಜ್ವರದಿಂದ ಹೋಯಿತು ಎನ್ನುತ್ತಿದ್ದರು. ಪಿಳ್ಳಪ್ಪ ಜಗಳ ಆಡಲಿಲ್ಲ. ತಿಂಗಳಿಗೊಮ್ಮೆ ಮುನಿಆಂಜಿನಪ್ಪನವರನ್ನೂ ಸೇರಿಸಿಕೊಂಡು ಸುತ್ತಲಿನ ಡಾಕ್ಟರುಗಳನ್ನು ಅಂಗಡಿಯ ಮಹಡಿಯಲ್ಲಿ ಸೇರಿಸಿ, ಉಪ್ಪಿಟ್ಟು ಕಾಫಿ ಕೊಟ್ಟು, ಹೊಸ ಔಷಧಿಗಳ ಬಗ್ಗೆ ಒಬ್ಬೊಬ್ಬರಿಂದ ಮಾತಾಡಿಸುತ್ತಿದ್ದ. ತಾನು ಬಾಗಿಲ ಬಳಿ ಕೂತು ಕೇಳುತ್ತಿದ್ದ. ಪೆನಿಸಿಲಿನ್ ವಿಷಯ ಯಾರೂ ಎತ್ತುತ್ತಿರಲಿಲ್ಲ. ಉಪ್ಪಿಟ್ಟು ತಿಂದ ಬಾಯಿಗೂ ಒಂದು ದಾಕ್ಷಿಣ್ಯ ಇರುತ್ತದಲ್ಲ.

ಸಂಘದ ಕಾರ್ಯದರ್ಶಿ ಡಾಕ್ಟರ್ ತಾಹೆರಾ ಅವರು ಪಾಠಕ್ಕೆ ಪ್ರೊಫೆಸರುಗಳನ್ನು ಕಳಿಸಿ ಎಂದು ಪೇಟೆಯ ದೊಡ್ಡ ವೈದ್ಯಕೀಯ ಸಂಸ್ಥೆಯೊಂದನ್ನು ಕೇಳಿಕೊಂಡರು. ಕಳಿಸುತ್ತೇವೆ, ಆದರೆ ಅದು ನಿಜವಾಗಿ ವೈದ್ಯರ ಸಂಘವಾಗಿರಬೇಕು ಎಂದರು ಸಂಸ್ಥೆಯವರು. ಸದಸ್ಯರೆಲ್ಲ ವೈದ್ಯರೇ ಆಗಿರಬೇಕು, ಆಡಳಿತವೂ ಅವರದೇ. ಔಷಧಿ ಮಾರುವವರ ಕಾಫಿಯೂ ಕೂಡದು. ನಿಯಮ ಸರಿಯಾದದ್ದೇ. ಉಪ್ಪಿಟ್ಟು ಹಾಕಿದವನ ಅಂಗಡಿಗೇ ಔಷಧಿ ಚೀಟಿ ಬರೆದುಕೊಡಲು ಯಾರಿಗೂ ಕಷ್ಟವಾಗಿರಲಿಲ್ಲ.

ತಾಹೆರಾ ಅಂಗಡಿಗೆ ಹೋಗಿ ವಿಷಯ ತಿಳಿಸಿದರು. ಪಿಳ್ಳಪ್ಪನಿಗೆ ನೋವಾಯಿತು, ಅದನ್ನವನು ಮುಚ್ಚಿಡಲೂ ಇಲ್ಲ.

"ನಾನು ಬರಲ್ಲ ಡಾಕ್ಟ್ರಮ್ಮ. ಮೊದಲ್ನೇ ದಿವ್ಸ ಪೆನಿಸಿಲಿನ್ ಬಗ್ಗೆ ಮಾತಾಡ್ಸಿ, ಅಷ್ಟು ಸಾಕು."

ಸಭೆ ಇಸ್ಕೂಲಿನ ಕೋಣೆಯೊಂದರಲ್ಲಿ ನಡೆಯಿತು, ಕಾಫಿಯಿಲ್ಲದೆ. ಪೆನಿಸಿಲಿನ್ ಒಗ್ಗುತ್ತದೆಯೇ ಎಂದು ಮೊದಲು ಚರ್ಮದಲ್ಲಿ ಟೆಸ್ಟ್ ಮಾಡದಿದ್ದರೆ ಸಾವೂ ಬರಬಹುದು ಎಂದು ಪ್ರೊಫೆಸರು ಪಾಠ ಮುಗಿಸಿ, ಇಂಥ ಸಾವು ಕಂಡವರು ಯಾರಾದರೂ ಇದ್ದೀರಾ ಎಂದು ಕೇಳಿದರು. ಎಲ್ಲರೂ ರೂಢಿಯಂತೆ ಬಾಗಿಲ ಕಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಮುನಿಆಂಜಿನಪ್ಪ ಎದ್ದು ನಿಂತರು.

"ನನ್ನ ಕೈಯಲ್ಲೇ ಆಯ್ತು ಸಾರ್. ಪಿಳ್ಳಪ್ಪನ ಮಗಳು. ಟೆಸ್ಟ್ ಮಾಡ್ದೆ ಚುಚ್ಬಿಟ್ಟೆ."

ಪಿಳ್ಳಪ್ಪ ಅಲ್ಲಿದ್ದಿದ್ದರೆ ಈ ಮಾತು ಅವರ ಬಾಯಿಂದ ಹೊರಡುತ್ತಿರಲಿಲ್ಲ. ಅವನು ಅಷ್ಟು ದಿನ ಉಪ್ಪಿಟ್ಟು ಹಾಕಿದ್ದು ಈ ಮಾತಿಗಾಗಿಯೇ. ಅದು ಬಂದಾಗ ಕೇಳುವುದಕ್ಕೆ ಅವನಿರಲಿಲ್ಲ. ನಿಯಮ ಎಷ್ಟೇ ಸರಿಯಿರಲಿ, ನನಗಿದು ಅನ್ಯಾಯ ಅನ್ನಿಸುತ್ತದೆ.

ಮುನಿಆಂಜಿನಪ್ಪನವರಿಗೂ ಹಾಗೇ ಅನ್ನಿಸಿರಬೇಕು. ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗಿ, ಗಿರಾಕಿಗಳ ಎದುರಿಗೇ, ಅದೇ ಮಾತನ್ನು ಇನ್ನೊಮ್ಮೆ ಹೇಳಿದರು. ಪಿಳ್ಳಪ್ಪ ಕಟ್ಟುತ್ತಿದ್ದ ಪೊಟ್ಟಣ ಬಿಟ್ಟು ಗಲ್ಲಾಪೆಟ್ಟಿಗೆಯ ಮೇಲೆ ಕೈಯೂರಿ ನಿಂತ. ಅತ್ತ. ಆಮೇಲೆ ಸ್ಟೂಲು ಎಳೆದು ಅವರ ಮುಂದಿಟ್ಟ.

"ಕೂತ್ಕೊಳಿ ಡಾಕ್ಟ್ರೇ," ಅಂದ. "ಟೆಸ್ಟ್ ಮಾಡೋದು ಎಂಗೆ ಅಂದ್ರು ಪ್ರೊಫೆಸರು?"