ನೀರಿಳಿಸುವ ಮಾತ್ರೆ

ಡಾಕ್ಟರು ಬೋರಣ್ಣನ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ತೆಗೆದರು. ಒತ್ತಿದ ಜಾಗ ನಾದಿದ ಹಿಟ್ಟಿನಂತೆ ಕುಳಿಬಿದ್ದು ಹಾಗೆಯೇ ಉಳಿಯಿತು.

"ನೋಡಿದ್ಯೇನಮ್ಮ? ಇಷ್ಟೂ ನೀರೇ," ಎಂದರು ಸೊಸೆ ಸ್ವಪ್ನಳ ಕಡೆ ತಿರುಗಿ. "ವಯಸ್ಸಾದ ಹೃದಯ, ಮೊದಲಿನ ಹಾಗೆ ರಕ್ತ ತಳ್ಳೋಕಾಗಲ್ಲ. ಅದಕ್ಕೆ ಹರೆಯ ತರೋ ಔಷಧಿ ನಮ್ಮ ಹತ್ರ ಇಲ್ಲ, ಭಾರ ಇಳಿಸಬಹುದು ಅಷ್ಟೆ. ಅದಕ್ಕೇ ನೀರಿಳಿಸೋ ಮಾತ್ರೆ ಬರೆದಿದ್ದು. ದಿನಾ ಕೊಡ್ತಿದ್ದೀಯೋ ಇಲ್ವೋ?"

"ದಿನಾ ಬೆಳಿಗ್ಗೆ ಕೈಗೇ ಕೊಡ್ತೀನಿ ಸಾರ್. ಉಪ್ಪೂ ಕಮ್ಮಿ ಮಾಡಿದೀನಿ."

"ಮತ್ತೆ ಈ ನೀರು ಎಲ್ಲಿಂದ ಬಂತು? ನೀವು ಹೇಳಿ ಯಜಮಾನ್ರೇ, ಕೊಡ್ತಾಳಾ?"

ಚಳ್ಳಕೆರೆಯ ಆ ಕ್ಲಿನಿಕ್ಕಿನ ಬಾಗಿಲು ತೆರೆದೇ ಇತ್ತು. ಹೊರಗೆ ಬೆಂಚಿನ ಮೇಲೆ ಕೂತವರ ಕಿವಿಯೆಲ್ಲ ಒಳಗೇ ಇತ್ತು. ಬೋರಣ್ಣ ಹೆಗಲ ಕಂಬಳಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. "ಒಂದೊಂದ್ ದಿನ ಮರೀತಾಳೆ," ಎಂದುಬಿಟ್ಟ.

ಸ್ವಪ್ನ ತಲೆ ಎತ್ತಿ ಮಾವನನ್ನು ನೋಡಿದಳು. ಡಾಕ್ಟರು ಬಾಯಿಗೆ ಬಂದಂತೆ ಬೈದು, "ನಾಳೆ ನಿನ್ನ ಗಂಡನ್ನ ಕಳಿಸು, ಅವನ ಹತ್ರಾನೇ ಮಾತಾಡ್ತೀನಿ," ಎಂದರು. ಬೋರಣ್ಣನಿಗೆ ನೀರಿಳಿಯುವ ಇಂಜೆಕ್ಷನ್ ಚುಚ್ಚಿಸಿ ಕಳಿಸಿದರು. ಮಗ ಲೋಹಿತನ ಕೋಪ ಬೋರಣ್ಣನಿಗೆ ಗೊತ್ತಿಲ್ಲದ್ದೇನಲ್ಲ. ಅಪ್ಪನ ವಿಷಯದಲ್ಲಿ ಹೆಂಡತಿ ತಪ್ಪಿದಳೆಂದರೆ ಮೂರು ದಿನ ಅವಳು ಬಡಿಸಿದ ಅನ್ನ ಮುಟ್ಟುವವನಲ್ಲ.

ನಿಜ ಏನೆಂದರೆ, ಮಾತ್ರೆಗಳೆಲ್ಲ ಆ ಕಂಬಳಿಯ ತುದಿಯ ಗಂಟಿನಲ್ಲೇ ಇದ್ದವು. ಕುರಿ ಮಂದೆಗೆ ಬಿದ್ದ ತೋಳವನ್ನು ಒಬ್ಬನೇ ಅಟ್ಟಿದ್ದ ಬೋರಣ್ಣ, ಕಡಲೆಬೇಳೆಯಷ್ಟಿರುವ ಮಾತ್ರೆಗೆ ಹೆದರಿದ್ದ. ಎರಡು ತಿಂಗಳ ಹಿಂದೆ ಅದನ್ನು ನುಂಗಿ ಬಸ್ಸು ಹತ್ತಿದ ದಿನ, ಊರು ದೇವಸಮುದ್ರ ಮುಟ್ಟುವ ಮೊದಲೇ ತಡೆಯಲಾಗದೆ ಪಂಚೆ ಒದ್ದೆಯಾಗಿ, ಉಚ್ಚೆ ಸೀಟಿನಿಂದ ಕೆಳಕ್ಕೆ ಹರಿದಿತ್ತು. ಪಕ್ಕದ ಸಾಲಿನ ಹೆಂಗಸೊಬ್ಬಳು ಕೆಳಗಿಟ್ಟಿದ್ದ ಚೀಲವನ್ನು ಮಡಿಲಿಗೆ ಎತ್ತಿಕೊಂಡಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. ಅಂದಿನಿಂದ ಸೊಸೆಯ ಎದುರು ಬರೀ ನೀರು ಕುಡಿಯುವುದು, ಮಾತ್ರೆಯನ್ನು ಗಂಟಿಗೆ ಸೇರಿಸುವುದು. ಮಾನ ಹೋದ ಮೇಲೆ ಹೃದಯ ಇದ್ದೇನು ಫಲ ಎಂಬುದು ಅವನ ವಾದ. ಇವತ್ತು ತನ್ನ ಮಾನ ಉಳಿಸಿಕೊಳ್ಳಲು ಸೊಸೆಯ ಮಾನ ಹರಾಜು ಹಾಕಿದ್ದ. ನೆನೆದರೆ ನಾಚಿಕೆಯಿಂದ ಮುಖವೆಲ್ಲ ಬಿಸಿಯಾಗುತ್ತಿತ್ತು.

ವಾಪಸು ಬಸ್ಸಿನಲ್ಲಿ ಸ್ವಪ್ನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲೇ ಕೂತಳು. ತಳಕು ದಾಟುತ್ತಿದ್ದಂತೆ ಇಂಜೆಕ್ಷನ್ ತನ್ನ ಕೆಲಸ ಶುರುಮಾಡಿತು. ಬೋರಣ್ಣ ತೊಡೆ ಬಿಗಿಹಿಡಿದ, ಹಲ್ಲು ಕಚ್ಚಿದ, ಮನೆದೇವರನ್ನೂ ಕರೆದ. ಬಾಯಿಬಿಟ್ಟು ಹೇಳಲು ಮಾತ್ರ ನಾಲಿಗೆ ಏಳಲಿಲ್ಲ.

ಸ್ವಪ್ನ ತಟಕ್ಕನೆ ಎದ್ದು ನಿಂತಳು. "ಅಣ್ಣಾ, ಬಸ್ ನಿಲ್ಸಿ! ನಂಗೆ ವಾಂತಿ ಬರಂಗೈತೆ."

"ಈಗ್ತಾನೇ ಸ್ಟ್ಯಾಂಡಲ್ಲಿ ಅರ್ಧ ಗಂಟೆ ನಿಂತಿತ್ತಲ್ಲಮ್ಮ! ಫ್ರೀ ಅಂತ ಹತ್ತಿಬಿಡ್ತೀರಿ," ಕಂಡಕ್ಟರ್ ಗೊಣಗುತ್ತಲೇ ಸೀಟಿ ಊದಿದ. ಹಿಂದೆ ಯಾರೋ ನಕ್ಕರು.

"ಮಾವ, ನೀವೂ ಇಳೀರಿ, ನನ್ ಜೊತೆಗೆ," ಎಂದಳು, ಅವನ ಮುಖ ನೋಡದೆ.

ಜಾಲಿಯ ಮರೆಯಲ್ಲಿ ಬೋರಣ್ಣ ಬಹಳ ಹೊತ್ತು ನಿಂತ. ಅತ್ತ ರಸ್ತೆ ಬದಿ ಸ್ವಪ್ನ ಸೆರಗನ್ನು ಬಾಯಿಗೊತ್ತಿ, ಬಾರದ ವಾಂತಿಗೆ ಬಗ್ಗಿ ನಿಂತಿದ್ದಳು. ಬಸ್ಸಿನವರೆಲ್ಲ ಅವಳನ್ನೇ ನೋಡುತ್ತಿದ್ದರು. ಅವತ್ತು ಒದ್ದೆ ಪಂಚೆ ಒಗೆದವಳೂ ಇವಳೇ. "ನೀರು ಚೆಲ್ಲಿತು" ಎಂದು ಇವನು ಅಂದದ್ದಕ್ಕೆ ಹೂಂ ಎಂದವಳೂ ಇವಳೇ.

ಇಬ್ಬರೂ ಹತ್ತಿದ ಮೇಲೆ ಕಂಡಕ್ಟರ್, "ಮುಗೀತೇನಮ್ಮ ನಿಂದು?" ಎಂದ.

"ಅವಳ್ನ ಯಾಕ್ ಕೇಳ್ತೀಯಪ್ಪ," ಎಂದ ಬೋರಣ್ಣ. ಮಂದೆ ಕೂಗುವ ಗಂಟಲು, ಬಸ್ಸಿಗೆಲ್ಲ ಕೇಳಿಸಿತು. "ಅವಳಿಗೆ ವಾಂತಿನೂ ಇಲ್ಲ, ಏನೂ ಇಲ್ಲ. ಉಚ್ಚೆ ಬಂದಿದ್ದು ನಂಗೆ. ದೇವಸಮುದ್ರ ಮುಟ್ಟೋದ್ರೊಳಗೆ ಇನ್ನೊಂದ್ ಸಲ ನಿಲ್ಸಬೇಕಾಗ್ತೈತೆ."

ಯಾರೂ ನಗಲಿಲ್ಲ. ಆದರೂ ಅವನ ಕಿವಿ ಸುಡುತ್ತಿತ್ತು. ಕೂತವನೇ ಕಂಬಳಿಯ ಗಂಟು ಬಿಚ್ಚಿ, ಅರ್ಧ ಪುಡಿಯಾಗಿದ್ದ ಮಾತ್ರೆಗಳನ್ನು ಸೊಸೆಯ ಅಂಗೈಗೆ ಸುರಿದ.

"ಲೋಹಿತಂಗೆ ನಾನೇ ಹೇಳ್ತೀನವ್ವ. ನೀನು ಮರ್ತಿರ್ಲಿಲ್ಲ ಅಂತ."

ಸ್ವಪ್ನ ಮುಷ್ಟಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದಳು. ಸ್ವಲ್ಪ ಹೊತ್ತಾದ ಮೇಲೆ, ಮಡಿಲಲ್ಲಿದ್ದ ತನ್ನ ಚೀಲವನ್ನು ತೆಗೆದು ಕೆಳಗೆ, ಅವನ ಪಾದದ ಪಕ್ಕದಲ್ಲಿ ಇಟ್ಟಳು.